ಎಲ್ಲರ ಹುಟ್ಟೂರು ಬಲ್ಲ ನನ್ನ ಭಾವ

ನನ್ನ ಭಾವನವರ ಪ್ರಕಾರ ಬಹರೈನಿನಲ್ಲಿರುವ ನಮ್ಮ ಕರಾವಳಿಯವರಲ್ಲಿ ಅರ್ಧದಷ್ಟು ಮಂದಿ ಇನ್ನೂ ಹುಟ್ಟಿಯೇ ಇಲ್ಲ! ಇಲ್ಲಿ ದುಡಿಯುತ್ತಾರೆ, ಬಾಡಿಗೆ ಕಟ್ಟುತ್ತಾರೆ, ಮದುವೆಯಾಗಿ ಮಕ್ಕಳನ್ನೂ ಪಡೆದಿದ್ದಾರೆ, ಆದರೂ ಹುಟ್ಟಿಲ್ಲ. ಹುಟ್ಟಬೇಕಾದರೆ ಶುಕ್ರವಾರ ಬೆಳಿಗ್ಗೆ ಗುದೈಬಿಯಾ ಬಡಾವಣೆಯ ಒಂದು ಪುಟ್ಟ ಹೋಟೆಲಿನ ಮೂಲೆಯ ಮೇಜಿಗೆ ಬಂದು, ಭಾವನವರ ಎದುರು ಕುಳಿತು, ಕರಕ್ ಚಹಾ ತರಿಸಬೇಕು. ಆಮೇಲೆ ಅವರನ್ನು ಹುಟ್ಟಿಸುವ ಜವಾಬ್ದಾರಿ ಭಾವನವರದು.

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ವಾರವಿಡೀ ಹಿದ್ ಬಂದರಿನ ಬಳಿಯ ಸರಕು ಸಾಗಣೆ ಕಂಪೆನಿಯೊಂದರಲ್ಲಿ ಮ್ಯಾನೇಜರು. ಶುಕ್ರವಾರ ಮಾತ್ರ ಅವರು ಮತ್ತೊಂದು ಅವತಾರ ಎತ್ತುತ್ತಾರೆ. ಪಾಸ್‌ಪೋರ್ಟಿಗೋ ವೀಸಾಕ್ಕೋ ಜನನ ಪ್ರಮಾಣಪತ್ರ ಬೇಕಾಗಿ ಕಂಗಾಲಾದವರಿಗೆ, ಊರಿನ ತಾಲೂಕು ಕಚೇರಿಗಳ ದಾಖಲೆ ಕೊಠಡಿಯಿಂದ ದೃಢೀಕೃತ ಪ್ರತಿ ತರಿಸಿಕೊಡುತ್ತಾರೆ. ದುಡ್ಡು ಮುಟ್ಟುವುದಿಲ್ಲ. ಮುಟ್ಟಿದ್ದರೆ ನನಗೆಷ್ಟು ಅನುಕೂಲವಾಗುತ್ತಿತ್ತು! ಅವರನ್ನು ಖಂಡಿಸಲು ಒಂದು ಸಿದ್ಧಾಂತವಾದರೂ ಸಿಗುತ್ತಿತ್ತು.

ಎದುರಾಳಿ ಎತ್ತಬಹುದಾದ ಆಕ್ಷೇಪವನ್ನು ನಾವೇ ಮೊದಲು ಎತ್ತಿಬಿಡಬೇಕೆಂದು ಕಾಲೇಜಿನ ಚರ್ಚಾಕೂಟದಲ್ಲಿ ನಮಗೆ ಕಲಿಸಿದ್ದರು. ಆದ್ದರಿಂದ ಈಗಲೇ ಹೇಳಿಬಿಡುತ್ತೇನೆ: ಈ ಪ್ರಬಂಧವನ್ನು ನಾನು ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದೇನೆ. ಆದರೆ ನನ್ನದು ಆಧಾರಸಹಿತವಾದ ಹೊಟ್ಟೆಕಿಚ್ಚು!

ಅದೇ ಬೀದಿಯ ಇನ್ನೊಂದು ತುದಿಯಲ್ಲಿ, ಅದೇ ಶುಕ್ರವಾರ, ನಾನೂ ಒಂದು ಮೇಜು ಹಾಕಿಕೊಂಡು ಕುಳಿತುಕೊಳ್ಳುತ್ತೇನೆ. ಅದರ ಹೆಸರು 'ನಾಗರಿಕ ದಾಖಲೆ ಅರಿವು ಕೇಂದ್ರ'. ನಾಗರಿಕನು ತನ್ನ ಅರ್ಜಿಯನ್ನು ತಾನೇ ಬರೆಯಬೇಕು, ತನ್ನ ಹಕ್ಕನ್ನು ತಾನೇ ಅರಿಯಬೇಕು, ಯಾರ ಶಿಫಾರಸೂ ಇಲ್ಲದೆ ತನ್ನ ಸರದಿಗಾಗಿ ಕಾಯಬೇಕು ಎಂಬುದು ಕೇಂದ್ರದ ಧ್ಯೇಯ. ಕರಪತ್ರ ಉಂಟು, ಫಲಕ ಉಂಟು, ಕುರ್ಚಿಗಳುಂಟು. ಜನ ಮಾತ್ರ ಇಲ್ಲ. ಒಮ್ಮೆ ಒಬ್ಬರು ಅವಸರದಿಂದ ಒಳಗೆ ಬಂದರು. ನಾನು ಎದ್ದು ನಿಂತು ಸ್ವಾಗತಿಸಿದೆ.

"ಸರ್, ಒಂದು ಪೆನ್ನು ಉಂಟಾ?"

"ಧಾರಾಳವಾಗಿ! ಅರ್ಜಿ ಬರೆಯಲಿಕ್ಕಲ್ಲವೇ?"

"ಅಲ್ಲ ಸರ್, ನಿಮ್ಮ ಭಾವನ ನಂಬರ್ ಬರ್ಕೊಳ್ಳಲಿಕ್ಕೆ."

ಹೇಳಿ, ಸಮಾಜ ಸುಧಾರಣೆ ಎಲ್ಲಿಂದ ಆಗಬೇಕು?

ಅವರ ಮೇಜಿನಲ್ಲಿ ನಡೆಯುವುದಾದರೂ ಏನು ಎಂದು ನೋಡಲು ಒಂದು ದಿನ ನಾನೇ ಹೋದೆ. ಹೂರಾದಲ್ಲಿ ಬಟ್ಟೆ ಅಂಗಡಿ ಇಟ್ಟ ಬ್ಯಾರಿ ವ್ಯಾಪಾರಿಯೊಬ್ಬರು ಎದುರಿಗೆ ಕುಳಿತಿದ್ದರು. ಊರಿನ ಕಚೇರಿಯಲ್ಲಿ ಅವರ ಹೆಸರಿಲ್ಲವೆಂದು ಉತ್ತರ ಬಂದಿತ್ತು.

"ನಾನು ಹುಟ್ಟಿದ್ದು ಬಂಟ್ವಾಳದಲ್ಲಿ ಭಾಯ್. ನನಗೆ ಗೊತ್ತಿಲ್ವಾ?"

"ನಿಮಗೆ ಹೇಗೆ ಗೊತ್ತಾಗ್ತದೆ ಮಾರಾಯ್ರೆ? ಆಗ ನೀವು ಸಣ್ಣವರಲ್ವಾ!" ಎಂದರು ಭಾವ. "ಉಮ್ಮನ ತವರು ಎಲ್ಲಿ?"

"ಉಳ್ಳಾಲದ ಹತ್ತಿರ."

"ನೀವು ಎಷ್ಟನೆಯವರು?"

"ಮೊದಲನೆಯವ."

"ಹಾಗಾದ್ರೆ ನೀವು ಹುಟ್ಟಿದ್ದು ಅಲ್ಲಿ. ಖಲಾಸ್. ಚಹಾ ಕುಡೀರಿ."

ಇಷ್ಟೇ ಅವರ ಶಾಸ್ತ್ರ! ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ. ಹೆಸರು ದಾಖಲಾಗುವುದೂ ತವರಿನ ಊರಿನಲ್ಲಿ. ಆದರೆ ನಿಮ್ಮ ಊರು ಯಾವುದೆಂದು ಕೇಳಿದರೆ ನಾವು ಗಂಡಸರೆಲ್ಲ ಅಪ್ಪನ ಊರನ್ನು ಹೇಳಿ, ಅಲ್ಲಿಗೇ ಅರ್ಜಿ ಹಾಕಿ, ಅಲ್ಲಿ ಹೆಸರಿಲ್ಲವೆಂದು ಸರಕಾರವನ್ನು ಬೈಯುತ್ತೇವೆ. 'ಜನನವಾದ ಸ್ಥಳದ ಕಚೇರಿಗೆ ಅರ್ಜಿ ಸಲ್ಲಿಸತಕ್ಕದ್ದು' ಎಂದು ನನ್ನ ಕರಪತ್ರದಲ್ಲೂ ಸ್ಪಷ್ಟವಾಗಿ ಅಚ್ಚಾಗಿದೆ. ಅದನ್ನು ಓದಿದವರಿಗೆ ತಾನೇ ಗೊತ್ತಾಗುವುದು?

ಮುಂದಿನ ಹೆಜ್ಜೆ ತಾಯಿಗೆ ಫೋನು. ಇದು ಭಾವನವರ ಪ್ರಾಣ. ತುಳುವಿನವರೊಡನೆ ತುಳು, ಕೊಂಕಣಿಯವರೊಡನೆ ಕೊಂಕಣಿ, ಬ್ಯಾರಿಯವರೊಡನೆ ಬ್ಯಾರಿ. ಮೊದಲು ಮಂಡಿನೋವು, ಆಮೇಲೆ ಆ ದಿನದ ಮೀನು, ಆಮೇಲೆ ಸೊಸೆ, ಕೊನೆಗೆ ಹೆರಿಗೆ. ಅಂದೂ ವ್ಯಾಪಾರಿಯ ತಾಯಿಯೊಡನೆ ಮಾತಾಡಿ ಫೋನು ಕೆಳಗಿಟ್ಟವರೇ ಇಡೀ ಹೋಟೆಲಿಗೆ ಕೇಳುವಂತೆ ಘೋಷಿಸಿದರು:

"ಇವರು ಹುಟ್ಟಿ ಅಳಲೇ ಇಲ್ಲವಂತೆ! ಸೂಲಗಿತ್ತಿ ಕುಂಡೆಗೆ ಬಾರಿಸಿದ ಮೇಲೆ ಶುರುಮಾಡಿದ್ದಂತೆ. ಈಗ ಗಿರಾಕಿ ಚೌಕಾಶಿ ಮಾಡಿದ್ರೆ ಸಾಕು, ಅಳ್ತಾರೆ!"

ಹೋಟೆಲೆಲ್ಲ ನಕ್ಕಿತು. ವ್ಯಾಪಾರಿಯೂ ಕಣ್ಣೊರೆಸಿಕೊಂಡು ನಕ್ಕರು. ನಾನು ಭಾವನವರನ್ನು ಪಕ್ಕಕ್ಕೆ ಕರೆದು ಗಂಭೀರವಾಗಿ ಹೇಳಿದೆ: "ಭಾವ, ಇದು ಒಬ್ಬ ವ್ಯಕ್ತಿಯ ಖಾಸಗಿತನದ ಉಲ್ಲಂಘನೆ."

"ಹೌದಾ? ಬೇಸರ ಆಗಿದ್ರೆ ಅವರು ಕೂತು ಪರೋಟ ಯಾಕೆ ತರಿಸಿದ್ರು?"

ನಾನು ನನ್ನ ಕರಪತ್ರಗಳ ಬಳಿಗೆ ವಾಪಸಾದೆ.

ಪ್ರಮಾಣಪತ್ರ ಬರುವ ಬಗೆಯಂತೂ ಇನ್ನೂ ಅಕ್ರಮ. ಅಂಚೆಯನ್ನು ಅವರು ನಂಬುವುದಿಲ್ಲ. ಊರಿನಿಂದ ವಿಮಾನ ಹತ್ತುವವರು ಯಾರಾದರೂ ಇರಬೇಕು. ಅವರ ಚೀಲದಲ್ಲಿ, ಒಣಮೀನಿನ ಪೊಟ್ಟಣಗಳ ಜೊತೆ, ಬರಬೇಕು. ಹೀಗಾಗಿ ಅಧಿಕಾರಿಯ ಸಹಿ, ಕಚೇರಿಯ ದುಂಡು ಮುದ್ರೆ ಎಲ್ಲವೂ ಒಣಸೀಗಡಿಯ ಪರಿಮಳದೊಂದಿಗೆ ಕೈಸೇರುತ್ತವೆ. ಜನ ಅದನ್ನು ಮೂಸಿ ನೋಡಿ, ಅಸಲಿಯೆಂದು ತೃಪ್ತಿಪಡುತ್ತಾರೆ.

ಇಷ್ಟಾದರೂ ನಾನು ಅಚಲನಾಗಿದ್ದೆ. ನನ್ನನ್ನು ಅಲುಗಾಡಿಸಿದ್ದು ನನ್ನ ಮನೆಯ ಸಂಗತಿ. ಹೆಂಡತಿ ಬಸುರಿಯಾದಳು. ಅವಳ ತಾಯಿ ತೀರಿಕೊಂಡು ವರ್ಷಗಳಾಗಿವೆ. ಬಾಣಂತನಕ್ಕೆ ಬರುವುದಾದರೆ ನನ್ನ ಅಮ್ಮನೇ ಬರಬೇಕು. ಅಮ್ಮನ ವೀಸಾಕ್ಕೆ ನಾನು ಅವರ ಮಗನೇ ಹೌದೆಂಬ ದಾಖಲೆ ಕೇಳಿದರು. ಎಂದರೆ, ನನ್ನ ಜನನ ಪ್ರಮಾಣಪತ್ರ.

"ಅಣ್ಣನಿಗೆ ಒಂದು ಮಾತು ಹೇಳಿ" ಎಂದಳು ಹೆಂಡತಿ.

ಅಣ್ಣ! ಮನೆಯ ನಲ್ಲಿ ಸೋರಿದರೂ ಅಣ್ಣ, ಮಗು ಒದ್ದರೂ ಅಣ್ಣ. "ಕೇಂದ್ರದ ಸಂಚಾಲಕನೇ ಶಿಫಾರಸಿಗೆ ಹೋದರೆ ಧ್ಯೇಯದ ಗತಿಯೇನು?" ಎಂದೆ.

"ಧ್ಯೇಯ ಬಂದು ಮಗುವಿಗೆ ಎಣ್ಣೆ ಹಚ್ತದಾ?"

ನಾನು ಎರಡನೆಯ ಮಗ. ನನ್ನ ಸ್ವಂತ ಅಣ್ಣ ಹುಟ್ಟಿದ್ದು ಅಮ್ಮನ ತವರಿನಲ್ಲಿ, ಅದು ಮನೆಯವರಿಗೆಲ್ಲ ಗೊತ್ತು. ಆದ್ದರಿಂದ ನಾನು ಅಪ್ಪನ ಊರಿನಲ್ಲಿಯೇ ಹುಟ್ಟಿರಬೇಕು. ಈ ತರ್ಕದಲ್ಲಿ ಎಲ್ಲಿಯಾದರೂ ಬಿರುಕು ಕಾಣುತ್ತದೆಯೇ? ಆದರ್ಶಪ್ರಾಯವಾದ ಅರ್ಜಿಯೊಂದನ್ನು ಬರೆದೆ. ಕಾದೆ. 'ದಾಖಲೆ ಲಭ್ಯವಿಲ್ಲ.' ಅವಮಾನ ನುಂಗಿಕೊಂಡು ತವರಿನ ಊರಿಗೂ ಬರೆದೆ. ಅಲ್ಲಿಂದಲೂ ಅದೇ ಉತ್ತರ! ಅಮ್ಮನಿಗೆ ಫೋನು ಮಾಡಿ ನಾನು ಹುಟ್ಟಿದ್ದೆಲ್ಲಿ ಎಂದು ಕೇಳಿದರೆ, "ಅದೆಲ್ಲ ಈಗ ಯಾಕೆ ಮಗಾ? ಬೇರೆ ಯಾವ ಕಾಗದವೂ ಆಗುದಿಲ್ವಾ?" ಎಂದು ಮಾತು ತೇಲಿಸಿದರು. ಇತ್ತ ಹೆಂಡತಿಯ ಹೊಟ್ಟೆ ನನ್ನ ಧ್ಯೇಯಕ್ಕೆ ಕಾಯುವ ಹಾಗೆ ಕಾಣಲಿಲ್ಲ.

ಕೊನೆಗೊಂದು ಶುಕ್ರವಾರ ಕೇಂದ್ರದ ಬಾಗಿಲು ಎಳೆದುಕೊಂಡು, ಆ ಮೂಲೆಯ ಮೇಜಿನೆದುರು ಹೋಗಿ ಕುಳಿತೆ.

"ಏನು ಭಾವಯ್ಯ, ನೀವೂ ಹುಟ್ಟಿಲ್ವಾ?" ಎಂದರು ಭಾವ. ಪಕ್ಕದ ಮೇಜಿನವರು ಪರೋಟ ಹರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

"ನಿಮ್ಮ ಕರಪತ್ರದಲ್ಲಿ ಎಂತ ಬರ್ದಿದೆ ಅಂತ ಒಮ್ಮೆ ಓದ್ಲಾ?" ಎಂದು ಭಾವ ಮುಂದುವರಿಸಿದರು.

"ಭಾವ, ಅಮ್ಮನ ನಂಬರ್ ನಿಮ್ಮ ಹತ್ತಿರ ಉಂಟಲ್ಲ?"

"ಉಂಟು, ಉಂಟು. ಒಂದು ಚಹಾ ಹೇಳಿ."

ಅಂದಿನಿಂದ ನನಗೆ ಅಮ್ಮನ ಧ್ವನಿ ಕೇಳುವುದೇ ದುರ್ಲಭವಾಯಿತು. ಯಾವಾಗ ಫೋನು ಮಾಡಿದರೂ, "ಆಮೇಲೆ ಮಾಡು ಮಗಾ, ನಿನ್ನ ಭಾವ ಲೈನಿನಲ್ಲಿದ್ದಾನೆ!" ನನ್ನ ತಾಯಿ, ನನ್ನ ಜನ್ಮ, ನನ್ನ ಅರ್ಜಿ, ಮಾತು ಮಾತ್ರ ಭಾವನವರದು! ನಾನು ಫೋನು ಮಾಡಿದಾಗ ಊಟವಾಯಿತೇ ಎಂಬಲ್ಲಿಗೆ ಮುಗಿಯುವ ಅಮ್ಮ, ಇವರೊಡನೆ ತಾಸುಗಟ್ಟಲೆ ಏನು ಮಾತಾಡುತ್ತಿರಬಹುದು?

ಒಂದು ಸಂಜೆ ಭಾವ ಮನೆಗೆ ಬಂದು ಲಕೋಟೆಯನ್ನು ನನ್ನ ಕೈಗಿತ್ತರು. ಒಣಸೀಗಡಿಯ ವಾಸನೆಯ ನಡುವೆ ನಾನು ಸರಕಾರಿ ಮುದ್ರೆಯೊಂದಿಗೆ ಹುಟ್ಟಿದ್ದೆ! ಆದರೆ ಜನನ ಸ್ಥಳದ ಎದುರು ಬೈಂದೂರಿನ ಆಚೆಗಿನ ಒಂದು ಹಳ್ಳಿಯ ಹೆಸರಿತ್ತು. ಅದು ನನ್ನ ದೊಡ್ಡಮ್ಮನ, ಎಂದರೆ ಅಮ್ಮನ ಅಕ್ಕನ, ಗಂಡನ ಊರು. ಮಕ್ಕಳಿಲ್ಲದ ಆ ದೊಡ್ಡಮ್ಮನ ಮನೆಗೆ ನಾವು ವರ್ಷಕ್ಕೊಮ್ಮೆ ಹೋಗುತ್ತಿದ್ದುದುಂಟು. ಆದರೆ ನಾನು ಅಲ್ಲಿ ಹುಟ್ಟಿದೆನೆಂದು ಒಬ್ಬರೂ ಬಾಯಿಬಿಟ್ಟಿರಲಿಲ್ಲ.

"ಇದು ಹೇಗೆ ಭಾವ? ನಾನು ಅಲ್ಲಿ ಯಾಕೆ ಹುಟ್ಟಿದೆ?"

ಕಂಡಕಂಡವರ ಹೆರಿಗೆಯನ್ನು ಹೋಟೆಲಿನಲ್ಲಿ ಹರಾಜು ಹಾಕುವ ಮನುಷ್ಯ ಅಂದು ಚಪ್ಪಲಿ ಮೆಟ್ಟಿಕೊಂಡು, "ಕಾಗದ ಸಿಕ್ಕಿತಲ್ಲ. ಯಲ್ಲಾ, ಬೇಗ ಬೇಗ ಅಮ್ಮನ ಟಿಕೆಟ್ ಮಾಡಿ" ಎಂದು ಹೊರಟೇಹೋದರು. ನಾನು ಉರಿದುಹೋದೆ. ನನ್ನ ಜನ್ಮರಹಸ್ಯ ಅವರ ಜೇಬಿನಲ್ಲಿ! ಅದನ್ನು ಕೊಡದಿರುವ ಸುಖ ಬೇರೆ!

ಅಮ್ಮ ಬಂದರು. ಸುಧಾರಕನೂ ಮಗನೇ ತಾನೇ. ವಿಮಾನ ನಿಲ್ದಾಣದಲ್ಲಿ ಹೂಗುಚ್ಛ ಹಿಡಿದು ನಿಂತಿದ್ದೆ. ಅಮ್ಮ ಹೂವನ್ನು ನನ್ನಿಂದ ಪಡೆದು, "ನಿನ್ನ ಭಾವ ಎಲ್ಲಿ?" ಎಂದರು.

ಎರಡು ದಿನ ಕಳೆದು, ಬರಲಿರುವ ಬಾಣಂತನಕ್ಕೆಂದು ಓಮ ಹುರಿಯುತ್ತಿದ್ದ ಅಮ್ಮನ ಪಕ್ಕದಲ್ಲಿ ನಿಂತು ಅದೇ ಪ್ರಶ್ನೆ ಕೇಳಿದೆ. ಅಮ್ಮ ಉರಿ ಸಣ್ಣ ಮಾಡಿದರು.

"ಅಕ್ಕನ ಸೀಮಂತ. ಮದುವೆಯಾಗಿ ಎಷ್ಟೋ ವರ್ಷಕ್ಕೆ ನಿಂತ ಬಸಿರು. ಹೋಗದೆ ಇರ್ಲಿಕ್ಕೆ ಆಗ್ತದಾ? ನನಗೂ ಎಂಟು ತಿಂಗಳು. ಅವಳಿಗೆ ಆರತಿ ಎತ್ತುವ ಮೊದಲೇ ನನಗೆ ನೋವು ಬಂತು. ಅವಳ ಸೀಮಂತದ ಊಟವೆಲ್ಲ ತಣ್ಣಗಾಗಿಹೋಯ್ತು. ತಿಂಗಳು ತುಂಬದ ನಿನ್ನನ್ನು ಕದಲಿಸ್ಲಿಕ್ಕೆ ಆಗ್ಲಿಲ್ಲ. ಬಾಣಂತನವೂ ಅಲ್ಲಿಯೇ. ಅಷ್ಟರಲ್ಲಿ ಅವಳಿಗೂ ಹೆರಿಗೆಯಾಯ್ತು." ಅಮ್ಮ ಓಮವನ್ನು ಒಮ್ಮೆ ಕೈಯಾಡಿಸಿದರು. "ಅವಳದ್ದು ಉಳಿಯಲಿಲ್ಲ."

ಒಲೆಯ ಉರಿಯನ್ನು ನಾನೇ ಆರಿಸಿದೆ.

"ಅಕ್ಕ ಎದ್ದು ಓಡಾಡುವ ಹಾಗಾದ ದಿನದಿಂದ ನಿನಗೆ ಎಣ್ಣೆ ಹಚ್ಚಿ ನೀರು ಹಾಕಿದ್ದು ಅವಳೇ. ಬೇರೆಯವರನ್ನು ಮುಟ್ಟಲಿಕ್ಕೆ ಬಿಡಲಿಲ್ಲ. ನಿನ್ನ ಹುಟ್ಟಿನ ಮಾತೆತ್ತಿದರೆ ಅವಳಿಗೆ ಅದೂ ನೆನಪಾಗ್ತದೆ ಅಂತ ನಾವ್ಯಾರೂ ಎತ್ತಲಿಲ್ಲ. ಈಗ ಕಚೇರಿಗೆ ಅಲ್ಲಿಯವರೇ ಯಾರಾದರೂ ಹೋಗಬೇಕಲ್ಲ? ನಿನ್ನ ಭಾವ ಅವಳಿಗೆ ಎಷ್ಟೋ ದಿನ ಫೋನು ಮಾಡಿ, ಬರೀ ಊಟ-ತಿಂಡಿ ಮಾತಾಡಿ, ಆಮೇಲೆ ನಿಧಾನಕ್ಕೆ ಕೇಳಿದ್ದಂತೆ. 'ನಾನೇ ಹೋಗ್ತೇನೆ, ಹುಟ್ಟುವಾಗ ನೋಡಿದವಳು ನಾನಲ್ವಾ' ಅಂದಳಂತೆ. ನಿನಗೆ ಹೇಳುವುದು ಮಾತ್ರ ನನ್ನ ಬಾಯಿಂದಲೇ ಆಗ್ಬೇಕು, ತಾನು ಹೇಳುದಿಲ್ಲ ಅಂತ ಅವನೇ ಅಂದ."

ಇದನ್ನು ಕೇಳಿ ನನ್ನ ಹೊಟ್ಟೆಕಿಚ್ಚು ಆರಿತೆಂದು ಓದುಗರು ಭಾವಿಸಬಾರದು. ಹೆಚ್ಚಾಯಿತು! ಅದುವರೆಗೆ ಅವರ ಮಾತಿನ ಮೇಲೆ ಮಾತ್ರ ಇತ್ತು. ಈಗ ಅವರ ಮೌನದ ಮೇಲೂ.

ಹೆರಿಗೆಯ ದಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ಭಾವ ಅತ್ತಿಂದಿತ್ತ ತಿರುಗುತ್ತಿದ್ದರು. ಹೋಟೆಲಿನವರು ಸುದ್ದಿಗೆ ಕಾಯುತ್ತಿದ್ದರು. ಭಾವನವರ ಫೋನು ಒಂದೇ ಸಮನೆ ಮಿನುಗುತ್ತಿತ್ತು. ನರ್ಸ್ ಬಾಗಿಲು ತೆರೆದು ಹೆರಿಗೆಯಾದ ಸುದ್ದಿ ಹೇಳಿದರು. ಇನ್ನು ಇವರು ಬಹರೈನಿಗೆಲ್ಲ ಡಂಗುರ ಹೊಡೆಯುತ್ತಾರೆಂದು ನಾನು ಹಲ್ಲು ಕಚ್ಚಿದೆ. ಭಾವ ಒಂದೇ ಒಂದು ನಂಬರಿಗೆ ಕರೆ ಮಾಡಿ, ಫೋನನ್ನು ನನ್ನ ಕೈಗಿಟ್ಟರು.

"ದೊಡ್ಡಮ್ಮ. ನೀವೇ ಹೇಳಿ."

ನಾನು ಹೇಳಿದೆ. ಹೇಳಿದೆನೆಂದು ನನಗೆ ಅನ್ನಿಸಿತು, ಅಷ್ಟೇ, ಧ್ವನಿ ಹೊರಟಿರಲಿಲ್ಲ.

"ಯಾರು? ಜೋರಾಗಿ ಹೇಳು ಮಗಾ, ಕೇಳುದಿಲ್ಲ" ಎಂದರು ದೊಡ್ಡಮ್ಮ, ಸಮುದ್ರದ ಆ ಕಡೆಯಿಂದ.

ಭಾವ ಪಕ್ಕದಲ್ಲಿಯೇ ಇದ್ದರು. ಫೋನಿಗೆ ಕೈಚಾಚಲಿಲ್ಲ, ಬಾಯಿ ತೆರೆಯಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ನನಗಾಗಿ ಕಾಯುತ್ತ ನಿಂತಿದ್ದರು. ನಾನು ಫೋನನ್ನು ಬಾಯಿಯ ಹತ್ತಿರ ಹಿಡಿದೆ.

"ದೊಡ್ಡಮ್ಮಾ, ಹೆಣ್ಣು ಮಗು. ಚೆನ್ನಾಗಿ ಅಳ್ತಾ ಇದೆ."