ಈ ಫೋಟೋ ಯಾರದು?

ಎಲ್ಲಾರ ಕೈಯಾಗ ಫೋನ್ ಬಂದಾಗಿಂದ ನಮ್ಮ ಜೋರಾಪುರ ಪೇಟ್ಯಾಗ ಫೋಟೋದ ರಗಳಿ ಒಂದ ಮುಗೀತು ಅನ್ನೂದ್ರಾಗ ಇನ್ನೊಂದು ಹುಟ್ಟತೈತಿ. ಓಣಿ ಮೂಲ್ಯಾಗ ಸ್ಟುಡಿಯೋ ಇಟ್ಟಾಂವ ಕಂಡಾಗೊಮ್ಮೆ ಹೇಳ್ತಾನ, "ಅಕ್ಕಾರ, ಫೋಟೋ ಯಾರದು ಅನ್ನೂದು ನೋಡಿದ ಕೂಡ್ಲೆ ತಿಳೀಬೇಕ್ರಿ. ಇಲ್ಲಾಂದ್ರ ಅದು ಫೋಟೋನ ಅಲ್ಲ."

ನಾ ಸಾಲಿ ಅರ್ಧಕ್ಕ ಬಿಟ್ಟಾಕಿ, ರೊಟ್ಟಿ ಬಡದು ಮಾರಾಕಿ, ನಂಗೇನ ತಿಳೀತೈತಿ? ಮನ್ಯಾಗ ಒಬ್ಬಾಕೆ ಇರ್ತೀನಿ. ಎದುರುಮನಿ ಆಪಾ ಇದ್ಲು ಅಂತ ಹೊತ್ತು ಹೋಗ್ತಿತ್ತು. ಸಂಜೀಕ ನಮ್ಮ ಕಟ್ಟಿ ಮ್ಯಾಲ ಕುಂತು ಇಬ್ರೂ ಓಣಿ ಮಂದೀನ ಒಬ್ಬೊಬ್ಬರನ್ನ ಹಿಡದು ತಿಕ್ಕಿ ತೊಳೀತಿದ್ವಿ. ಮಗಳ ಕೂಸು ನೋಡಿ ನಾಕ ದಿನಕ್ಕ ಬರ್ತೇನಿ ಅಂತ ಟಿಕೋಟಾಕ್ಕ ಹೋದಾಕಿ ಇನ್ನೂ ಬಂದಿಲ್ಲ. ಆಕಿ ಬರೂತನಾ ನಿಮ್ಮ ಮುಂದ ಹೇಳ್ತೀನಿ, ಕೇಳ್ರಿ.

ಗುಮ್ಮಟ

ಒಂದಿನ ಆಪಾ, ನಾನು ಗೋಳಗುಮ್ಮಟದ ಮುಂದ ಹುಲ್ಲಿನ ಮ್ಯಾಲ ಕುಂತಿದ್ವಿ. ದೂರದ ಊರಿನ ಗಂಡ ಹೆಂಡತಿ ಬಂದು ನನ್ನ ಕೈಯಾಗ ಫೋನ್ ಕೊಟ್ಟು, "ಒಂದು ಫೋಟೋ ತೆಗೀತೀರಾ?" ಅಂದ್ರು. ನಾ ಹಿಂದ ಹಿಂದ ಸರಕೋತ ಹೋಗಿ, ಬುಡದಿಂದ ತುದಿತನಾ ಇಡೀ ಗುಮ್ಮಟ ಕುಂಡ್ರಿಸಿ ತೆಗದೆ.

ಆ ಯಮ್ಮ ನೋಡಿ, "ಇದ್ರಲ್ಲಿ ನಾವೆಲ್ಲಿದೀವಿ?" ಅಂದ್ಲು.

"ಬಾಗಲದ ಹಂತ್ಯಾಕ ಎರಡು ಇರುವಿ ಕಾಣಸ್ತಾವಲ್ರಿ, ಅದರಾಗ ಎಡಗಡೆ ಇರುವಿ ನೀವು."

ಆಕಿ ಮಾರಿ ಗಂಟ ಹಾಕಿದ್ಲು. ಆಪಾ ಸುಮ್ನಿರಬೇಕಲ್ಲ? "ನಿಮ್ಮ ಮಾರಿ ನಿಮ್ಮೂರಾಗೂ ಸಿಗ್ತೈತ್ರಿ. ಗುಮ್ಮಟ ಹೊತ್ತಕೊಂಡು ಹೋಗಾಕ ಆಗ್ತೈತೇನು?"

ಹೋತ

ಆಪಾ ಬಿಜ್ಜರಗಿಯಿಂದ ಆಡಿನ ಮರಿ ತಂದು ಸಾಕಿದ್ದು ದೊಡ್ಡ ಹೋತ ಆಗಿತ್ತು. ಬಕ್ರೀದ್ ಹತ್ರ ಬಂತು, ಮಾರೂದಿತ್ತು. "ನೀನ ಫೋಟೋ ತೆಗಿ ಬೇ" ಅಂದ್ಲು. ತೆಗದೆ. ಹೋತ ನೆಟ್ಟಗ ನಿಂದರ್ತೈತೇನು? ತಿರುಗಿ ಕುಂಡಿ ತೋರಿಸ್ತು. ಅದರ ಹಿಂದ ಆಪಾನ ತಾಮ್ರದ ಹಂಡೆ, ಅವತ್ತ ಹುಣಸಿಹಣ್ಣು ಹಚ್ಚಿ ತಿಕ್ಕಿದ್ದು, ಥಳಥಳಾ ಹೊಳೀತಿತ್ತು. ಹಂಗ, ಮಾರೂದೈತಿ ಅಂತ ಬರದು ಫೋನಿನ್ಯಾಗ ಬಿಟ್ವಿ.

ಸಂಜೀಕ ಫೋನ್ ಬಂತು. "ಫೋಟೋ ನೋಡಿದ್ವಿ. ಮಾಲು ಹೆಂಗೈತ್ರಿ?"

ಆಪಾ ಉಬ್ಬಿ ಹೇಳಿದ್ಲು, "ಗಟ್ಟಿ ಐತ್ರಿ. ಹಲ್ಲು ಬಂದಾವು. ಸಣ್ಣದಿದ್ದಾಗಿಂದ ಕೈಯಾಗ ಮೇವು ತಿನಿಸೇನಿ."

ಅತ್ಲಾಗಿನಾಂವ ಕೇಳಿದ, "ಹಂಡೇಕ ಹಲ್ಲು ಯಾಕ್ರಿ?"

ಕಿಟಕಿ

ಮಗ್ಗಲ ಮನಿ ಹುಡುಗಿ ಫೋಟೋ ಬಬಲೇಶ್ವರದ ಗಂಡಿನ ಕಡ್ಯಾವ್ರಿಗಿ ಕಳಿಸಿದ್ರು. ಗಂಡಿನ ತಾಯಿ ಫೋನ್ ಮಾಡಿ, "ಹುಡುಗಿ ಇರ್ಲಿ, ಹಿಂದ ಕಿಟಕ್ಯಾಗ ಇಣುಕ್ಯಾರಲ್ಲ, ಅವರ್ಯಾರ್ರಿ?" ಅಂದ್ಲಂತ. ಯಾರ ಇರ್ತಾರ? ನಾನ!

"ಆಕಿ ಬಾಜೂಮನ್ಯಾಕ್ರಿ," ಅಂದ್ಲು ಹುಡುಗಿ ತಾಯಿ.

"ಹಂಗಾರ ಛಲೋ ಆತು. ಹುಡುಗಿ ಬಗ್ಗೆ ಅವರನ್ನ ಕೇಳ್ತೀವಿ. ಅವರಿಗೆಲ್ಲಾ ಗೊತ್ತಿರ್ತೈತಿ."

ಅವತ್ತ ಸಂಜೀಕ ಹುಡುಗಿ ತಾಯಿ ತಾಟು ತುಂಬ ಹೋಳಿಗಿ ತಂದು ನನ್ನ ಮುಂದ ಇಟ್ಲು. ಮಾತು ಪಕ್ಕಾ ಆಗೂತನಾ ತಾಟು ಬರೂದು ನಿಂದರ್ಲಿಲ್ಲ. ಫೋಟೋ ಆಕೀದು, ಹೋಳಿಗಿ ನಂದು. ಅರ್ಧ ಆಪಾಗ ಕೊಟ್ಟೆ.

ಕಟ್ಟಿ

ಆಪಾ ಹೋದ ಮ್ಯಾಲ ಹೇಳೂ ಸುದ್ದಿ ಎಲ್ಲಾ ಬಾಯಾಗ ಹಳಸಿ ಹ್ವಾದ್ವು. ಹಿಂದಿನ ಓಣ್ಯಾಗ ಅತ್ತಿ ಸೊಸಿ ಕೂದಲಾ ಹಿಡದು ಜಗಳಾಡಿದ್ರು. ಅಂಥಾ ಸುದ್ದಿ! ಯಾರಿಗಿ ಹೇಳ್ಲಿ? ಆಪಾಗ ಫೋನ್ ಮಾಡಿದ್ರ, "ಕೂಸು ಅಳಾಕತ್ತೈತಿ, ಆಮ್ಯಾಲ ಮಾತಾಡ್ತೀನಿ" ಅಂತಾಳ. ಅದು ದಿನಾ ಅಳತೈತಿ. ಯಾವಾಗ ಬರ್ತಿ ಅಂತ ಕೇಳಾಕ ನಂಗ ಬಾಯಿ ಬರ್ಲಿಲ್ಲ. ಊರಿಗೆಲ್ಲಾ ಬೈಯೂ ಬಾಯಿ, ನೋಡ್ರಿ.

ನನ್ನ ಫೋಟೋರೆ ಕಳಿಸೂನು, ಎಷ್ಟ ಸೊರಗೇನಿ ನೋಡ್ಲಿ ಅಂತ ನಿನ್ನೆ ಛಲೋ ಸೀರಿ ಉಟ್ಟು ಕಟ್ಟಿ ಮ್ಯಾಲ ಕುಂತು, ಕೈ ಚಾಚಿ ಒತ್ತಿದೆ. ಕಳಿಸಿ ಆಮ್ಯಾಲ ನೋಡ್ತೀನಿ, ನಾ ಇಲ್ಲ! ಸ್ಟುಡಿಯೋದಾಂವಗ ತೋರಿಸಿದ್ರ ಬಿದ್ದು ಬಿದ್ದು ನಕ್ಕ. "ಸೆರಗಿನ ಚುಂಗು, ಖಾಲಿ ಕಟ್ಟಿ, ಅದರ ಮ್ಯಾಲ ಮಕ್ಕೊಂಡ ನಾಯಿ. ಅಕ್ಕಾರ, ಇದು ಯಾರ ಫೋಟೋ?"

ನಾ ಫೋನ್ ಕಸಗೊಂಡು ಮನಿಗಿ ಬಂದೆ.

ಇವತ್ತ ಮುಂಜಾನೆ ರೊಟ್ಟಿ ಬಡೀತಿದ್ದೆ, ಆಪಾನ ಫೋನ್. "ಹಲೋ" ಅನ್ನಾಕೂ ಬಿಡಲಿಲ್ಲ. "ಲೇ! ನನ್ನ ಜಾಗದಾಗ ನಾಯಿ ಮಲಗಿಸಿಯೇನ?"

"ನಾ ಯಾಕ ಮಲಗಿಸ್ಲಿ ಆಪಾ? ಖಾಲಿ ಇತ್ತು, ತಾನ ಬಂದು ಮಕ್ಕೊಂಡೈತಿ."

"ಖಾಲಿ ಐತಿ ಅಂತ ಯಾರ ಹೇಳಿದ್ರು ಅದಕ್ಕ? ಎಬ್ಬಸ ಮೊದ್ಲ! ನಾ ಬಸ್ಸಿನ್ಯಾಗ ಕುಂತೇನಿ."

ಈಗ ಬರೂ ಹೊತ್ತಾತು. ನಾಯಿ ಇನ್ನೂ ಅಲ್ಲೇ ಐತಿ. ಬಿಸಿ ರೊಟ್ಟಿ ಹಾಕಿ, ಏಳಬ್ಯಾಡಪ್ಪಾ ಅಂತ ಹೇಳೇನಿ. ಅದು ಎದ್ದು ಹೋದ್ರ, ಆಪಾ ಬಂದು ಯಾರ ಮ್ಯಾಲ ಒದರಬೇಕು?