ಕಾಗೆಯ ಮುಂದೆ ಆಡಿದ ಮಾತು

ಬದುಕಿರುವವರಿಗೆ ಕೊಟ್ಟ ಮಾತಿನಿಂದ ತಪ್ಪಿಸಿಕೊಳ್ಳಲು ನೂರು ದಾರಿಗಳಿವೆ. ನಾಳೆ ಎನ್ನಬಹುದು, ಮರೆತೆ ಎನ್ನಬಹುದು, ಬಸ್ಸು ಸಿಗಲಿಲ್ಲ ಎನ್ನಬಹುದು. ತೀರಿಕೊಂಡವರಿಗೆ ಕೊಟ್ಟ ಮಾತಿಗೆ ಆ ಸೌಕರ್ಯವಿಲ್ಲ. ಅವರು ಕೇಳುವುದೂ ಇಲ್ಲ, ಬಿಡುವುದೂ ಇಲ್ಲ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಡ್ರಿಲ್ಲಿಂಗ್ ಮೆಷಿನ್ ಮುಂದೆ ಆಯುಸ್ಸು ಕಳೆದ, ಕಂಪ್ಯೂಟರನ್ನು ದೂರದಿಂದಲೇ ಗೌರವಿಸುತ್ತಿದ್ದ ನಾನು ಇವತ್ತು ಲಗ್ಗೆರೆಯ ಬಾಡಿಗೆ ಮನೆಯಲ್ಲಿ ಆಟದ ಸರ್ವರ್ ನಡೆಸುತ್ತಿದ್ದೇನೆಂದರೆ, ಅದಕ್ಕೆ ಇಂಥ ಒಂದು ಮಾತೇ ಕಾರಣ.

ಸರ್ವರ್ ನನ್ನ ಹೆಂಡತಿ ವನಜಳದು. ಅವಳು ಒಂದು ಕಾರ್ಖಾನೆಯ ಆಫೀಸಿನಲ್ಲಿ ಬಿಲ್ಲು ಟೈಪು ಮಾಡುತ್ತಿದ್ದಳು. ಊಟದ ಬಿಡುವಿನಲ್ಲಿ ಅಲ್ಲಿಯ ಹೆಂಗಸರೊಂದಿಗೆ ಕಲಿತ ಆಟ ಅದು. ಕಲ್ಲು, ಮಣ್ಣು, ಮರದ ತುಂಡುಗಳನ್ನು ಪೇರಿಸಿ ಮನೆ ಕಟ್ಟುವುದು, ಹೊಲ ಮಾಡುವುದು, ಕೋಳಿ ಸಾಕುವುದು. ಒಬ್ಬರೇ ಆಡಿದರೆ ಬರೀ ಮನೆ, ಹತ್ತು ಜನ ಸೇರಿದರೆ ಊರು. ಆ ಊರು ಇರಲು ಯಾರದಾದರೂ ಒಂದು ಕಂಪ್ಯೂಟರ್ ಬೇಕು. ಉಳಿದವರು ತಮ್ಮ ತಮ್ಮ ಜಾಗದಿಂದ ಇಂಟರ್ನೆಟ್ಟಿನಲ್ಲಿ ಅಲ್ಲಿಗೆ ಬಂದು ಹೋಗುತ್ತಾರೆ. ಆ ಕಂಪ್ಯೂಟರನ್ನೇ ಸರ್ವರ್ ಎನ್ನುವುದು. ಅದನ್ನು ಆರಿಸಿದರೆ ಇಡೀ ಊರಿಗೆ ಬೀಗ. ಇಷ್ಟನ್ನೂ ಅವಳು ನನಗೆ ಹೇಳಿಕೊಟ್ಟಿದ್ದಳು. ನಾನು ಪೇಪರು ಓದುತ್ತಾ ಹೂಂಗುಟ್ಟಿದ್ದೆ.

ನಮಗೆ ಮಕ್ಕಳಿರಲಿಲ್ಲ. ಆಫೀಸಿನವರು ಬೇಡವೆಂದು ಬಿಟ್ಟ ಕಂಪ್ಯೂಟರನ್ನು ಅವಳು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ದಿನದಿಂದ ಮನೆಯಲ್ಲಿ ನನ್ನ ಸ್ಥಾನ ಒಂದು ಮೆಟ್ಟಿಲು ಇಳಿಯಿತು. ಬೇಸಿಗೆಯಲ್ಲಿ ಟೇಬಲ್ ಫ್ಯಾನು ಅದರ ಕಡೆ ತಿರುಗಿತು. "ಅದು ಬಿಸಿಯಾದ್ರೆ ಊರೇ ನಿಂತೋಗತ್ತೆ ಕಣ್ರೀ. ನೀವು ಬಿಸಿಯಾದ್ರೆ ಸ್ನಾನ ಮಾಡಿ" ಎಂದಳು. ಕೆಳಗಡೆ ಇರುವ ಮನೆ ಓನರ್ ಗೌರಮ್ಮನವರು ಒಮ್ಮೆ ಮೆಟ್ಟಿಲು ಹತ್ತಿ ಬಂದು, "ಅಲ್ಲ ಕಣವ್ವಾ ವನಜಾ, ಕರೆಂಟು ಇಂಗ್ ಸುಡ್ತದಲ್ಲ, ಒಳಗೇನು ಇಟ್ಟಿನ ಗಿರಣಿ ಮಡಗಿದ್ದೀಯಾ?" ಎಂದು ಕೇಳಿದರು. ವನಜ ಅವರನ್ನು ಕೂರಿಸಿ ಊರು ತೋರಿಸಿದಳು. ಗೌರಮ್ಮ ಬಹಳ ಹೊತ್ತು ನೋಡಿ, "ಇಷ್ಟು ಜಾಗ ಖಾಲಿ ಬಿಟ್ಟವ್ರಲ್ಲಾ, ಸೈಟು ಮಾಡಾಕಿಲ್ವಾ?" ಎಂದರು. ಸುತ್ತಮುತ್ತಲಿನ ರಾಗಿ ಹೊಲಗಳೆಲ್ಲ ಸೈಟಾದದ್ದನ್ನು ಕಂಡವರು.

ವನಜ ಹೋದದ್ದು ಒಂದು ಮಾಮೂಲಿ ಜ್ವರದಲ್ಲಿ. ಮಾಮೂಲಿ ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಸೂತಕದ ಮನೆಯಲ್ಲಿ ಆಟ ಓಡಬಾರದೆಂದು ನನ್ನ ತಂಗಿ ಬಂದವಳೇ ಪ್ಲಗ್ಗು ಕಿತ್ತಳು. ನಾನು ಬೇಡ ಎನ್ನಲಿಲ್ಲ. ಆ ಪೆಟ್ಟಿಗೆಯ ಗುಂಯ್ ಸದ್ದು ಕೇಳಿಸುತ್ತಿದ್ದರೆ ಅವಳು ಒಳಗೆ ಕೂತಿದ್ದಾಳೆ ಎಂದೇ ಅನ್ನಿಸುತ್ತಿತ್ತು. ತಿಥಿ ಮುಗಿದ ಮೇಲೆ ಅದನ್ನು ಯಾರಿಗಾದರೂ ಕೊಟ್ಟುಬಿಡಬೇಕೆಂದು ತೀರ್ಮಾನಿಸಿದ್ದೆ. ಅಷ್ಟರಲ್ಲಿ ಅವಳ ಮೊಬೈಲು ಹೊಡೆದುಕೊಂಡಿತು.

"ಅಕ್ಕಾರು ಅದಾರೇನ್ರಿ? ಊರು ತೆರೀವಲ್ದ್ರಿ" ಎಂದಿತು ಒಂದು ದನಿ.

ಹೇಳಿದೆ. "ತಿಥಿ ಯಾವತ್ತ್ರಿ ಯಣ್ಣಾ?" ಎಂದ. ಅವನು ಬಸವರಾಜ, ಕೊಪ್ಪಳದ ಕಡೆಯವನು, ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಬಟ್ಟೆ ಕತ್ತರಿಸುವ ಕೆಲಸ. ಹನ್ನೊಂದನೆಯ ದಿನ ಇಬ್ಬರು ಗೆಳೆಯರ ಜೊತೆ ಮೂರು ಬಸ್ಸು ಬದಲಾಯಿಸಿ ಬಂದ. ಅವರು ವನಜಳ ಮುಖ ನೋಡಿದ್ದು ಅವತ್ತೇ ಮೊದಲು, ಹಾರ ಹಾಕಿದ ಫೋಟೋದಲ್ಲಿ. ಅವಳ ತಮ್ಮ ಶಿವಣ್ಣ, "ನೀವು ಯಾವ ಕಡೆಯೋರಪ್ಪಾ?" ಎಂದು ಕೇಳಿದ್ದಕ್ಕೆ ಬಸವರಾಜ ವಿನಯದಿಂದ, "ಅಕ್ಕನ ಊರಿನವರ್ರಿ, ಆಕಿ ಮನಿ ಬಾಜೂನ ನಮ್ಮ ಮನಿ" ಎಂದ. ತನ್ನ ಅಕ್ಕನ ತವರಿನಲ್ಲಿ ಹುಟ್ಟಿ ಬೆಳೆದ ಶಿವಣ್ಣ ಆ ಮೂವರನ್ನು ಅನುಮಾನದಿಂದ ನೋಡಿ, ಚಪ್ಪಲಿಗಳನ್ನು ಒಳಗೆ ತೆಗೆದಿಟ್ಟ.

ಮಹಡಿಯ ಮೇಲೆ, ನೀರಿನ ಟ್ಯಾಂಕುಗಳ ನಡುವೆ ಎಡೆ ಇಟ್ಟೆವು. ಬಾಳೆಲೆಯಲ್ಲಿ ಅನ್ನ, ಪಾಯಸ, ವಡೆ, ಅವಳಿಗೆ ಇಷ್ಟವಾದ ಮೆಣಸಿನಕಾಯಿ ಬೋಂಡಾ. ಕಾಗೆ ಮುಟ್ಟುವವರೆಗೆ ಯಾರೂ ಉಣ್ಣುವಂತಿಲ್ಲ. ಕಾಗೆಗಳೇನೋ ಇದ್ದವು, ಕೇಬಲ್ ತಂತಿಯ ಮೇಲೆ ಸಾಲಾಗಿ, ನಮಗೆ ಬೆನ್ನು ಹಾಕಿಕೊಂಡು. ಹೋದವರ ಮನಸ್ಸಿನಲ್ಲಿ ಏನೋ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ. ಅದನ್ನು ಊಹಿಸಿ ಮಾತು ಕೊಡಬೇಕು. ಶಿವಣ್ಣ ಕೈ ಮುಗಿದು, "ಅಕ್ಕಾ, ಭಾವನ್ನ ನಾವು ನೋಡ್ಕೋತೀವಿ, ಬಾ" ಎಂದ. ಕಾಗೆಗಳು ನಂಬಲಿಲ್ಲ. "ಅತ್ತಿಗೇ, ನಿನ್ನ ರೇಷ್ಮೆ ಸೀರೆ ಮಡಿಕೆ ಸಮೇತ ಹಂಗೇ ಇಡ್ತೀನಿ" ಎಂದಳು ತಂಗಿ. ಒಂದು ಕಾಗೆ ಕೊಕ್ಕು ಒರೆಸಿಕೊಂಡಿತು, ಅಷ್ಟೇ. "ಕುಡಿಯೋದು ಬಿಡ್ತೀನಿ ಕಣಕ್ಕಾ" ಎಂದು ಶಿವಣ್ಣ ಇನ್ನೊಂದು ಹೆಜ್ಜೆ ಮುಂದೆ ಹೋದ. ಎರಡು ಕಾಗೆ ಹಾರಿಯೇ ಹೋದವು.

ಬಿಸಿಲು ಏರಿತು. ಹಸಿದ ನೆಂಟರು ನನ್ನ ಮುಖ ನೋಡತೊಡಗಿದರು. ಆಗ ಬಸವರಾಜ ನನ್ನ ಹತ್ತಿರ ಸರಿದು ಮೆಲ್ಲಗೆ ಹೇಳಿದ: "ಯಣ್ಣಾ, ಊರು ಬಂದ್ ಮಾಡೂದಿಲ್ಲ ಅಂತ ಒಂದ್ ಮಾತು ಹೇಳಿ ನೋಡ್ರಲ್ಲಾ."

ನಾನು ಅದನ್ನು ಹೇಗೆ ಹೇಳಲಿ? ನನಗೆ ಅದರ ಸ್ವಿಚ್ಚು ಎಲ್ಲಿದೆಯೆಂದೂ ಗೊತ್ತಿರಲಿಲ್ಲ. ಆದರೂ ಕೈ ಮುಗಿದೆ. "ವನಜಾ, ನಿನ್ನ ಸರ್ವರ್ ನಾನು ನಡೆಸ್ತೀನಿ" ಎಂದೆ. ಒಂದು ಕಾಗೆ ಇಳಿದು ಬಂದು, ಪಾಯಸ ಬಿಟ್ಟು, ವಡೆ ಬಿಟ್ಟು, ನೇರವಾಗಿ ಬೋಂಡಾ ಎತ್ತಿಕೊಂಡು ಹೋಯಿತು. ಬಸವರಾಜ ಗಟ್ಟಿಯಾಗಿ ಅತ್ತ. ಯಾರ ಕಡೆಯವನೆಂದು ಆಮೇಲೆ ಯಾರೂ ಕೇಳಲಿಲ್ಲ.

ಅವತ್ತೇ ಬಸವರಾಜ ಪ್ಲಗ್ಗು ಹಾಕಿ, ಸ್ವಿಚ್ಚು ತೋರಿಸಿಕೊಟ್ಟು ಹೋದ. ಅಂದಿನಿಂದ ಶುರುವಾಯಿತು ನನ್ನ ಪಾಡು. ಪಾಳಿ ಮುಗಿದರೆ ಮೆಷಿನ್ ಆರಿಸಿ, ಒರೆಸಿ ಹೋಗಬೇಕೆಂಬುದು ಕಾರ್ಖಾನೆ ನನಗೆ ಕಲಿಸಿದ ಶಿಸ್ತು. ಅದರಂತೆ ಮೊದಲ ವಾರ ದಿನಾ ಬೆಳಿಗ್ಗೆ ಸರ್ವರ್ ಆರಿಸಿ, ಹಸಿಬಟ್ಟೆಯಲ್ಲಿ ಒರೆಸಿ ಕೆಲಸಕ್ಕೆ ಹೋದೆ. ದಿನಾ ಫೋನು: "ಯಣ್ಣಾ, ಊರು ಹೋತ್ರೀ!" ಆರಿಸದೆ ಹೋಗುವುದನ್ನು ಕಲಿಯುವುದು ನನಗೆ ಬಹಳ ಕಷ್ಟವಾಯಿತು. ಆಮೇಲೆ ಬಸವರಾಜ ನನಗೆ ಊರೊಳಗೆ ನಡೆಯುವುದನ್ನೂ ಕಲಿಸಿದ. ನಡೆದೆ, ಕೆರೆಗೆ ಬಿದ್ದೆ. ವನಜಳ ಮನೆ ನೋಡಲು ಹೋಗಿ, ಯಾವುದೋ ಗುಂಡಿ ಒತ್ತಿ ಅಡುಗೆಮನೆಯ ಗೋಡೆ ಕೆಡವಿದೆ. ಯಾರೋ ಇಬ್ಬರು ಓಡಿ ಬಂದು, ಏನೂ ಅನ್ನದೆ, ಮತ್ತೆ ಕಟ್ಟಿಕೊಟ್ಟರು.

ಆ ಕಂಪ್ಯೂಟರಿನಿಂದ ಯಾರು ಒಳಗೆ ಹೋದರೂ ಎಲ್ಲರಿಗೂ ಕಾಣುವುದು ಅವಳ ಹೆಸರೇ. ವನಜಕ್ಕ ಬಂದರು ಎಂದು ಒಂದು ಸಾಲು ಮೂಡುತ್ತದೆ. ಹೆಸರು ಬದಲಿಸಿ ಕೊಡುತ್ತೇನೆಂದು ಬಸವರಾಜ ಹೇಳಿದ. ಇರಲಿ ಬಿಡು ಎಂದೆ. ಆ ಸಾಲು ಓದುವುದಕ್ಕೆಂದೇ ಒಮ್ಮೊಮ್ಮೆ ಹೊರಗೆ ಹೋಗಿ ಮತ್ತೆ ಒಳಗೆ ಬರುತ್ತೇನೆ.

ಮೊನ್ನೆ ಭಾನುವಾರ ಮಧ್ಯಾಹ್ನ ನಾನು ದಿನಾ ಊಟ ಮಾಡುವ ಹೋಟೆಲು ಮುಚ್ಚಿತ್ತು. ಅಕ್ಕಿ ತೊಳೆದಿಟ್ಟು ಬಂದು, ಊರಿನಲ್ಲಿ ಒಂದು ಬೆರಳಿನಿಂದ ಕುಟ್ಟಿದೆ: ಒಂದು ಲೋಟ ಅಕ್ಕಿಗೆ ನೀರು ಎಷ್ಟು? ಆಟ ನಿಂತೇಹೋಯಿತು. ಎರಡು ಲೋಟ ಎಂದ ಒಬ್ಬ. ಹೊಸ ಅಕ್ಕಿಗೆ ಎರಡು ಜಾಸ್ತಿ ಆಯ್ತು ಗುರು ಎಂದ ಇನ್ನೊಬ್ಬ. ಚಿಕ್ಕಬಾಣಾವರದ ಒಬ್ಬಾಕೆ ಮೊದಲು ಕುಕ್ಕರೋ ಪಾತ್ರೆಯೋ ಹೇಳಿ ಎಂದು ಜೋರು ಮಾಡಿದಳು. ಜಗಳದಲ್ಲಿ ಯಾರದೋ ಮನೆಗೆ ಬೆಂಕಿ ಬಿದ್ದು ಉರಿದುಹೋದದ್ದನ್ನೂ ಯಾರೂ ನೋಡಲಿಲ್ಲ. ಆಗ ಹೊಸದಾಗಿ ಊರಿಗೆ ಸೇರಿದ್ದ ಯಾರೋ ಕೇಳಿದರು: "ಅಕ್ಕಂಗೆ ಅನ್ನ ಮಾಡೋಕೂ ಬರಲ್ವಾ?"

ಬಸವರಾಜ ಬರೆದ: "ಅಕ್ಕಂಗ ಬರ್ತಿತ್ತು. ಇವರು ಅಣ್ಣ."

ಎಲ್ಲರ ಮಾತಿಗೂ ಬೆಲೆ ಕೊಟ್ಟು ಎಲ್ಲರೂ ಹೇಳಿದಷ್ಟು ನೀರು ಹಾಕಿದ್ದರಿಂದ ಅನ್ನ ಗಂಜಿಯಾಯಿತು. ಹೇಗಾಯ್ತು ಎಂದು ಊರೆಲ್ಲ ಕೇಳಿತು. ಚೆನ್ನಾಗಾಯ್ತು ಎಂದು ಬರೆದು, ಅದನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿದೆ.