ಹೊರೆ ಸಾಹೇಬರದು, ಗುಳ್ಳೆ ನಮ್ಮದು

ಬ್ರಿಟಿಷ್ ಸಾಹೇಬರ ಬಿಟ್ಟಿ ಚಾಕರಿ ಬಿಡಿರೆಂದು ಊರೂರು ಸಾರುತ್ತ ತಿರುಗುವವನಿಗೆ ಜನ ಸೇರುತ್ತಾರೋ ಇಲ್ಲವೋ, ಗುಳ್ಳೆ ಮಾತ್ರ ತಪ್ಪದೆ ಏಳುತ್ತದೆ. ನನಗಂತೂ ಸಾಕಾಗಿದೆ.

ಹಿಮ್ಮಡ

ಬಾಗಲಕೋಟೆಯಲ್ಲಿ ಹೊಸ ಚಪ್ಪಲಿ ಮೆಟ್ಟಿ ಇಳಕಲ್ಲಿಗೆ ನಡೆದೆ. ಅರ್ಧ ದಾರಿಗೇ ಎರಡೂ ಹಿಮ್ಮಡದಲ್ಲಿ ಗುಳ್ಳೆ. ನೇಕಾರರ ಓಣಿಯಲ್ಲಿ ಕುಂಟುತ್ತಲೇ ಭಾಷಣ ಶುರುಮಾಡಿದೆ.

"ಗುಳ್ಳಿ ಹೆಂಗ ಏಳತೈತಿ ಗೊತ್ತೇನ್ರಿ? ತೊಗಲಿಗೆ ಪದರ ಅದಾವು. ಕಾಲಾಗಿನ ಕೆರ ಮ್ಯಾಲಿನ ಪದರ ಹಿಡದು ಜಗ್ಗತೈತಿ, ಕೆಳಗಿಂದು ಸಂಗಡ ಹೋಗೂದಿಲ್ಲ. ತಿಕ್ಕಿ ತಿಕ್ಕಿ ಎರಡೂ ಬಿಡತಾವು, ನಡುವ ನೀರು ತುಂಬತೈತಿ. ಸರಕಾರ ನಮ್ಮನ್ನ ಹಿಂಗ ತಿಕ್ಕಾಕತ್ತೈತಿ!"

ಚಪ್ಪಾಳೆ ಬೀಳಬೇಕಿತ್ತು. ಮುಂದೆ ಕುಳಿತ ಮುದಿ ನೇಕಾರನೊಬ್ಬ ಕೇಳಿದ: "ಖರೇರಿ. ಆದ್ರ ಸರಕಾರ ನಾವು ಆರಿಸಿದ್ದಲ್ಲ. ಕೆರ ನೀವ ಆರಿಸಿದ್ದಲ್ಲೇನು?"

ಬಂಡೆ

ನಡುಬೇಸಿಗೆ. ಬಾದಾಮಿ ಗುಡ್ಡದ ಕಾದ ಬಂಡೆಯ ಮೇಲೆ ಆಳುಗಳು ಬರಿಗಾಲಲ್ಲಿ ಸಾಹೇಬರ ಸಾಮಾನು ಹೊತ್ತು ಏರುತ್ತಿದ್ದರು. ಅಂಗಾಲೆಲ್ಲ ಬೊಬ್ಬೆ. ಹಿಂದೆ ಬೂಟು ಹಾಕಿಕೊಂಡು ಬರುತ್ತಿದ್ದ ಕಾರಕೂನರನ್ನು ತಡೆದೆ.

"ಇವರ ಕಾಲು ಸುಡೂದಿಲ್ಲೇನ್ರಿ?"

"ಕಲ್ಲು ಅಷ್ಟೇನ ಕಾಯೂದಿಲ್ಲ."

"ಹಂಗಾರ ಬೂಟು ಬಿಚ್ಚಿ ನಿಂದರ್ರಿ."

ಆಳುಗಳೆಲ್ಲ ನೋಡುತ್ತಿದ್ದರು, ಬಿಚ್ಚದೆ ಗತಿಯಿಲ್ಲ. ಒಂದು ಕಾಲು ಇಳಿಸುವಷ್ಟರಲ್ಲಿ ಇನ್ನೊಂದು ಎತ್ತುತ್ತ ಕಾರಕೂನರು "ಕಾದಿಲ್ಲ... ಕಾದಿಲ್ಲ..." ಎಂದು ಕುಣಿಯತೊಡಗಿದರು. ಹೊರೆ ಹೊತ್ತವನೊಬ್ಬ ಅಂದ: "ರಾಯರ, ತಾಳ ತಪ್ಪಾಕತ್ತೈತಿ."

ಆಳುಗಳೆಲ್ಲ ನಕ್ಕರು. ನಕ್ಕು, ಅದೇ ಹೊರೆ ಹೊತ್ತು ಅದೇ ಗುಡ್ಡ ಏರಿದರು. ನನಗೆ ನಗು ಬರಲಿಲ್ಲ.

ಕೇರುಬೀಜ

ಹುನಗುಂದದ ಕಡೆಯ ಒಂದು ಹಳ್ಳಿಗೆ ಸಾಹೇಬರು ಡೇರೆ ಹಾಕಲು ಬರುವವರಿದ್ದರು. ಅಲ್ಲಿ ಹೋಗಿ ಗಂಟಲು ಹರಿದುಕೊಂಡೆ: "ಎದಿ ಕೊಟ್ಟು ನಿಂದರ್ರಿ! ಈ ಊರಾಗ ಗುಳ್ಳಿ ಎದ್ದ ಒಂದು ಹೆಗಲೂ ಇನ್ನ ಬಿಟ್ಟಿ ಹೊರಿ ಹೊರಬಾರದು. ಇದು ನನ್ನ ಮಾತು!"

ಜನ ತಲೆಯಾಡಿಸಿ ಎದ್ದುಹೋದರು. ಮಾರನೆಯ ದಿನ ನೋಡಿದರೆ ಊರ ಗಂಡಸರ ಹೆಗಲು, ಕುತ್ತಿಗೆಯ ತುಂಬ ನೀರುಗುಳ್ಳೆ. ಅಗಸರಾಕೆ ಬಟ್ಟೆಗೆ ಗುರುತು ಹಾಕುವ ಕೇರುಬೀಜದ ಎಣ್ಣೆಯನ್ನು ಎಲ್ಲರಿಗೂ ಹಚ್ಚಿದ್ದಳು. ಅದು ತಾಗಿದಲ್ಲಿ ತೊಗಲು ಸುಟ್ಟಂತೆ ಉಬ್ಬುತ್ತದೆ.

"ಇದೇನವ್ವಾ! ನಾ ಹೇಳಿದ್ದು ಎದಿ ಕೊಡ್ರಿ ಅಂತ!"

"ಎದಿ ಕೊಟ್ರ ಬಡಿಗಿ ಬೀಳತೈತಿ ಅಣ್ಣಾರ. ಎಣ್ಣಿ ಹಚ್ಚಿದ್ರ ಬರೇ ಗುಳ್ಳಿ."

ದೇವಿ

ಕುದುರೆಯ ಮೇಲೆ ಬಂದ ಸಾಹೇಬರು ಆ ಗುಳ್ಳೆ ಕಂಡು ಸಿಡುಬೆಂದು ತಿಳಿದು ಹಾಗೆಯೇ ತಿರುಗಿ ಓಡಿದರು. ಊರೆಲ್ಲ ಕೇಕೆ. ನನಗೂ ಒಳಗೊಳಗೆ ಖುಷಿಯೇ.

ಹಿಂದೆಯೇ ಸಿಡುಬು ಬಾರದಂತೆ ದೇವಿ ಹಾಕುವ ಡಾಕ್ಟರು ಬಂದಿಳಿದರು. ಒಂದು ಹೆಗಲು ನೋಡಿ, "ಇದು ದೇವಿ ಬ್ಯಾನಿ ಅಲ್ಲ, ಕೇರು" ಅಂದರು.

"ಹಂಗಾರ ಹೋಗಿಬರ್ರಿ," ಅಂದೆ.

"ದೇವಿ ಹಾಕಿ ಬಾ ಅಂತ ಸಾಹೇಬರ ಹುಕುಮ್ ಆಗೇತಿ. ತೋಳು ತೋರಿಸ್ರಿ."

ಮೊದಲೇ ಹೆಗಲು ಉರಿಯುತ್ತಿದ್ದವರ ತೋಳನ್ನೂ ಕೆರೆದು ದೇವಿ ಹಾಕಿದರು. ನನ್ನ ತೋಳಲ್ಲಿ ದೇವಿಯ ಹಳೆಯ ಕಲೆಯಿದ್ದುದರಿಂದ ಬಿಟ್ಟರು.

ಇನ್ನು ಡಾಕ್ಟರ ಪೆಟ್ಟಿಗೆ ಮುಂದಿನ ಊರಿಗೆ ಹೋಗಬೇಕು. ಪಾಟೀಲ ಕೂಗಿದ: "ಲೇ, ಯಾರರೆ ಒಬ್ಬ ಬರ್ರಿಲೇ!" ಯಾರೂ ಅಲ್ಲಾಡಲಿಲ್ಲ. ಪಾಟೀಲ ಒಬ್ಬನ ರಟ್ಟೆ ಹಿಡಿದ; ಅವನ ಹೆಗಲ ಗುಳ್ಳೆ ಒಡೆದು ನೀರು ಇಳಿಯಿತು. ಗುಳ್ಳೆ ಒಡೆದವನು ನನ್ನ ಮುಖ ನೋಡಿದ. ಊರೆಲ್ಲ ನೋಡಿತು.

"ಬಿಡೋ ಅವನ್ನ!" ಎಂದು ಗುಡುಗಿ ನಾನೇ ಪೆಟ್ಟಿಗೆಗೆ ಕೈ ಹಾಕಿದೆ.

ಅಗಸರಾಕೆ ಓಡಿ ಬಂದಳು. ಕಣ್ಣಲ್ಲಿ ನೀರಿತ್ತು, ನಾನು ಅದನ್ನು ಗೌರವವೆಂದುಕೊಂಡೆ. ಹೊರೆ ಒತ್ತದಂತೆ ನನ್ನ ತಲೆಯ ಮೇಲೆ ಅರಿವೆಯ ಸಿಂಬಿ ಇಟ್ಟು, ನಗು ತಡೆದುಕೊಂಡು ಅಂದಳು:

"ಎಣ್ಣಿ ಇನ್ನೂ ಒಂಚೂರು ಉಳದೈತಿ ಅಣ್ಣಾರ. ನಾಳೆ ಭಾಷಣಕ್ಕ ಹೋಗೂಮುಂದ ನೀವೂ ಹಚಗೊಂಡು ಹೋಗ್ರಿ."